ಸೊಪ್ಪು, ತರಕಾರಿ, ಮನೆ ಮಾತು: ಓದುಗರ ಪ್ರಶ್ನೆ, ನನ್ನ ಉತ್ತರ

ಈ ಸಲ ಬಂದಿರೋ ಪತ್ರಗಳಲ್ಲಿ ಮುಕ್ಕಾಲು ಪಾಲು ಸೊಪ್ಪು ತರಕಾರಿ ಬಗ್ಗೇನೇ. ಅಡುಗೆ ಕೇಳ್ತಾ ಕೇಳ್ತಾ ಮನೆ ಸಮಾಚಾರಾನೂ ಬರ್ದಿದೀರಿ, ಅದನ್ನ ಕತ್ತರಿಸೋಕೆ ಮನಸ್ಸಾಗ್ಲಿಲ್ಲ, ಹೆಸರು ಮಾತ್ರ ತೆಗ್ದು ಹಾಗೇ ಹಾಕಿದೀನಿ.

ಪ್ರಶ್ನೆ: ಅಕ್ಕಾ, ಮಕ್ಕಳಿಬ್ರೂ ಕೆಲಸ ಅಂತ ದೂರ ಹೋದ್ಮೇಲೆ ಮನೇಲಿ ನಾನೊಬ್ಳೇ. ಕೊತ್ತಂಬರಿ ಒಂದು ಕಟ್ಟು ತಂದ್ರೆ ಎರಡು ದಿನ ಬಳಸ್ತೀನಿ, ಆಮೇಲೆ ನೋಡಿದ್ರೆ ಕವರ್ ಒಳಗೆ ಲೋಳೆ ಲೋಳೆ. ಪುದೀನ ಅಂತೂ ಕಪ್ಪಗಾಗಿರತ್ತೆ. ಬಿಸಾಕೋವಾಗ ಹೊಟ್ಟೆ ಉರಿಯತ್ತೆ. ಒಬ್ಬಳಿಗೋಸ್ಕರ ಇಷ್ಟೆಲ್ಲ ಯಾಕೆ ಅನ್ಸಿ ಈಗ ತರೋದೇ ಬಿಟ್ಟಿದೀನಿ.

ಉತ್ತರ: ದಯವಿಟ್ಟು ತರೋದು ಬಿಡ್ಬೇಡಿ ಅಕ್ಕಾ. ಕಿತ್ತ ಮೇಲೂ ಸೊಪ್ಪು ಉಸಿರಾಡ್ತಾನೇ ಇರತ್ತೆ, ತೇವ ಬಿಡ್ತಾನೇ ಇರತ್ತೆ, ಕವರ್ ಬಾಯಿ ಬಿಗಿಯಾಗಿ ಕಟ್ಟಿಟ್ರೆ ಆ ತೇವ ಒಳಗೇ ಹನಿಗಟ್ಟಿ ಎಲೆ ಮೇಲೆ ಕೂರತ್ತೆ, ಕೊಳೆಯೋಕೆ ಅಷ್ಟು ಸಾಕು. ಮೊದ್ಲು ಕೊಳೆಯೋದು ದಾರ ಇಲ್ಲಾ ರಬ್ಬರ್ ಬ್ಯಾಂಡ್ ಬಿಗಿದಿರೋ ಜಾಗ, ಬೇಕಾದ್ರೆ ಮುಂದಿನ ಸಲ ಬಿಚ್ಚಿ ನೋಡಿ, ಅಲ್ಲಿ ದಂಟು ಜಜ್ಜಿ ಹೋಗಿ ಕಪ್ಪು ಗೆರೆ ಬಿದ್ದಿರತ್ತೆ. ಅದಕ್ಕೇ ತಂದ ತಕ್ಷಣ ಮಾಡ್ಬೇಕಾದ ಮೊದಲ ಕೆಲಸ ಕಟ್ಟು ಬಿಚ್ಚೋದು. ಹಳದಿ ಎಲೆ, ಜಜ್ಜಿದ ಎಲೆ ಆರಿಸಿ ತೆಗೀರಿ, ದಂಟಿನ ತುದಿ ಒಂದಿಷ್ಟು ಕತ್ತರಿಸಿ, ಒಂದು ಲೋಟದಲ್ಲಿ ಎರಡು ಬೆರಳಷ್ಟು ನೀರು ಹಾಕಿ ಹೂವಿನ ಥರ ನಿಲ್ಸಿ, ಮೇಲೆ ಒಂದು ಕವರ್ ಸಡಿಲವಾಗಿ ಹೊದಿಸಿ ಫ್ರಿಜ್‌ನಲ್ಲಿಡಿ, ದಿನ ಬಿಟ್ಟು ದಿನ ನೀರು ಬದಲಾಯಿಸಿ. ಕೊತ್ತಂಬರಿ, ಪುದೀನ, ಪಾರ್ಸ್ಲಿ ಎಲ್ಲಕ್ಕೂ ಇದೇ ನಡೆಯತ್ತೆ, ಒಂದು ವಾರ ಆರಾಮಾಗಿ ಬರತ್ತೆ. ತುಳಸಿ ಜಾತಿಯ ಬೇಸಿಲ್ ಸೊಪ್ಪು ಮಾತ್ರ ಫ್ರಿಜ್‌ಗೆ ಹಾಕ್ಬೇಡಿ, ಅದಕ್ಕೆ ಚಳಿ ಆಗಲ್ಲ, 10 ಡಿಗ್ರಿಗಿಂತ ಕೆಳಗೆ ಹೋದ್ರೆ ಎಲೆ ಕಪ್ಪಾಗತ್ತೆ, ಅದೇ ಥರ ನೀರಲ್ಲಿ ನಿಲ್ಸಿ ಅಡುಗೆಮನೆ ಕಟ್ಟೆ ಮೇಲೇ ಇಡಿ, ಬಿಸಿಲು ನೇರ ಬೀಳೋ ಜಾಗ ಬೇಡ.

ಮಾಗಿದ ಬಾಳೆಹಣ್ಣು, ಸೇಬು, ಟೊಮೆಟೊ ಪಕ್ಕದಲ್ಲಿ ಸೊಪ್ಪು ಇಡ್ಬೇಡಿ, ಅವುಗಳಿಂದ ಎಥಿಲೀನ್ ಅನ್ನೋ ಗ್ಯಾಸ್ ಬರತ್ತೆ, ಸೊಪ್ಪು ಬೇಗ ಹಳದಿಯಾಗತ್ತೆ. ತೊಳೆದಿಟ್ರೆ ಮಾತ್ರ ಪೂರ್ತಿ ಒಣಗಿಸಿ ಇಡ್ಬೇಕು, ಇಲ್ಲಾಂದ್ರೆ ಬಳಸೋವಾಗ್ಲೇ ತೊಳೀರಿ. ಇನ್ನೂ ಉಳೀತು ಅಂದ್ರೆ ಬಾಡೋಕೆ ಮುಂಚೆನೇ ಹೆಚ್ಚಿ ಐಸ್ ಟ್ರೇಗೆ ತುಂಬಿ ಸ್ವಲ್ಪ ಎಣ್ಣೆನೋ ನೀರೋ ಹಾಕಿ ಫ್ರೀಜರ್‌ಗಿಡಿ, ಮೇಲೆ ಉದುರಿಸೋಕೆ ಆಗಲ್ಲ ಆದ್ರೆ ಸಾರಿಗೋ ಸೂಪ್‌ಗೋ ಒಂದೊಂದು ತುಂಡು ಹಾಕಿದ್ರೆ ಘಮ ಬರತ್ತೆ. ಕೊತ್ತಂಬರಿ ದಂಟು ಬಿಸಾಕ್ತಿದ್ರೆ ಇವತ್ತಿಂದ ನಿಲ್ಸಿ, ಅದ್ರಲ್ಲೂ ಒಳ್ಳೆ ಪರಿಮಳ ಇರತ್ತೆ, ಸಣ್ಣಗೆ ಹೆಚ್ಚಿ ಈರುಳ್ಳಿ ಜೊತೆ ಬಾಡಿಸಿ.

ಇನ್ನು ನೀವು ಕೇಳಿದ ಇನ್ನೊಂದು ಮಾತು, ಒಬ್ಬಳಿಗೋಸ್ಕರ ಯಾಕೆ ಅಂತ. ಇಷ್ಟು ವರ್ಷ ಮಕ್ಕಳಿಗೆ ಬಾಡಿದ ಸೊಪ್ಪು ಹಾಕಿ ಬಡಿಸಿದ್ರಾ? ಇಲ್ಲ ತಾನೆ. ಹಾಗಾದ್ರೆ ನಿಮಗ್ಯಾಕೆ ಅಕ್ಕಾ. ತಟ್ಟೆಗೆ ಬಡಿಸ್ಕೊಂಡು ಮೇಲೆ ಒಂದು ಹಿಡಿ ಹಸಿ ಸೊಪ್ಪು ಉದುರಿಸ್ಕೊಂಡು ಕೂತು ಊಟ ಮಾಡಿ, ನಿಂತ್ಕೊಂಡು ಪಾತ್ರೆಯಿಂದಲೇ ತಿನ್ನೋದು ಬೇಡ.

ಪ್ರಶ್ನೆ: ಬೀನ್ಸ್, ಪಾಲಕ್, ಬಟಾಣಿ ಏನೇ ಬೇಯಿಸಿದ್ರೂ ಮಾಸಲು ಬಣ್ಣಕ್ಕೆ ತಿರುಗತ್ತೆ. ಹೋಟೆಲ್‌ನಲ್ಲಿ ಹಸಿರು ಹಸಿರಾಗಿರತ್ತೆ. ಸೋಡಾ ಹಾಕ್ಬೇಕು ಅಂತ ಪಕ್ಕದ ಮನೆಯವರು ಹೇಳಿದ್ರು, ಹಾಕ್ಲಾ?

ಉತ್ತರ: ಬೇಡ. ಸೋಡಾ ಹಾಕಿದ್ರೆ ಬಣ್ಣ ನಿಲ್ಲತ್ತೆ ನಿಜ, ಆದ್ರೆ ತರಕಾರಿ ಮುದ್ದೆ ಮುದ್ದೆ ಆಗತ್ತೆ, ವಿಟಮಿನ್ ಸಿ ಮತ್ತೆ ಥಯಾಮಿನ್ (ವಿಟಮಿನ್ ಬಿ1) ಹಾಳಾಗತ್ತೆ, ಬಾಯಿಗೂ ಒಂಥರ ಸೋಪಿನ ರುಚಿ. ಹಸಿರು ಬಣ್ಣಕ್ಕೆ ಕಾರಣ ಕ್ಲೋರೋಫಿಲ್, ಅದರ ನಡುವೆ ಒಂದು ಮೆಗ್ನೀಸಿಯಂ ಇರತ್ತೆ, ಬಿಸಿಗೆ ತರಕಾರಿಯೊಳಗಿನ ಹುಳಿ ಅಂಶ ಹೊರಗೆ ಬಂದು ಆ ಮೆಗ್ನೀಸಿಯಂನ ಜಾಗದಿಂದ ಎಬ್ಬಿಸಿಬಿಡತ್ತೆ, ಆಗ ಕಂದು ಮಿಶ್ರಿತ ಮಾಸಲು ಹಸಿರು ಉಳಿಯತ್ತೆ. ಅಂದ್ರೆ ನಿಮ್ಮ ಶತ್ರುಗಳು ಹುಳಿ ಮತ್ತೆ ಜಾಸ್ತಿ ಹೊತ್ತು. ಮುಚ್ಚಳ ಮುಚ್ಚಿ ಬೇಯಿಸಿದ್ರೆ ಆವಿ ಜೊತೆ ಹೋಗ್ಬೇಕಾದ ಹುಳಿ ಅಂಶ ಮತ್ತೆ ಪಾತ್ರೆಗೇ ಬೀಳತ್ತೆ, ಟೊಮೆಟೊ, ನಿಂಬೆರಸ ಮೊದ್ಲೇ ಹಾಕಿದ್ರೂ ಅದೇ ಕಥೆ.

ಹೀಗೆ ಮಾಡಿ ನೋಡಿ. ದೊಡ್ಡ ಪಾತ್ರೇಲಿ ನೀರು ಚೆನ್ನಾಗಿ ಮಳ್ಳೋಕೆ ಬಿಡಿ, ಉಪ್ಪು ಹಾಕಿ, ಬೀನ್ಸ್ ಹಾಕಿ, ಮುಚ್ಚಳ ಬೇಡ. ಅಲ್ಲೇ ನಿಂತು ನೋಡ್ತಾ ಇರಿ, ಹಾಕಿದ ಸ್ವಲ್ಪ ಹೊತ್ತಿಗೇ ಬೀನ್ಸ್ ಹಸಿಯಾಗಿದ್ದಾಗ್ಗಿಂತಲೂ ಜಾಸ್ತಿ ಹಸಿರಾಗಿ ಹೊಳೆಯತ್ತೆ, ಕಾಯೊಳಗಿನ ಗಾಳಿ ಹೊರಗೆ ಹೋಗಿ ಬಣ್ಣ ತಿಳಿಯಾಗಿ ಕಾಣೋದದು. ಆ ಹೊಳಪು ಇನ್ನೇನು ಇಳಿಯತ್ತೆ ಅನ್ನೋಕೆ ಮುಂಚೆ ಒಂದು ತುಂಡು ಕಚ್ಚಿ ನೋಡಿ, ಹಸಿ ವಾಸನೆ ಹೋಗಿ ಇನ್ನೂ ಕಟುಕ್ ಅಂತಿದ್ರೆ ಸಾಕು, ಸೋಸಿ ತಣ್ಣೀರಿಗೆ ಹಾಕಿ ತೆಗೀರಿ. ಆಮೇಲೆ ಒಗ್ಗರಣೆಗೋ ಇನ್ಯಾವುದಕ್ಕೋ ಹಾಕಿ, ನಿಂಬೆ ಹಿಂಡೋದು ಬಡಿಸೋವಾಗ. ಪಾಲಕ್‌ಗೆ ಇಷ್ಟೆಲ್ಲ ಬೇಡ, ತೊಳೆದಾಗ ಎಲೆಗೆ ಅಂಟಿರೋ ನೀರೇ ಸಾಕು, ಬಿಸಿ ಬಾಣಲೆಗೆ ಹಾಕಿ ಬಾಡಿದ ಕೂಡ್ಲೆ ಇಳಿಸಿ. ಒಂದು ವಿಷಯ ಹೇಳ್ಲೇಬೇಕು, ಜಾಸ್ತಿ ನೀರಲ್ಲಿ ಬೇಯಿಸಿದ್ರೆ ವಿಟಮಿನ್ ಸಿ ಒಂದಿಷ್ಟು ಆ ನೀರಿಗೆ ಹೋಗತ್ತೆ, ದಿನಾ ಅಡುಗೆಗೆ ನಾನಂತೂ ಹಬೆಯಲ್ಲಿ ಬೇಯಿಸೋದೇ ಒಳ್ಳೇದು ಅಂತೀನಿ.

ಪ್ರಶ್ನೆ: ನಮ್ಮೆಜಮಾನ್ರು ಕೊತ್ತಂಬರಿ ಸೊಪ್ಪು ಸೋಪ್ ಥರ ಅಂತಾರೆ, ಒಂದೊಂದೇ ಎಲೆ ಆರಿಸಿ ತಟ್ಟೆ ಅಂಚಿಗೆ ಇಡ್ತಾರೆ. ಬೇಕಂತ ಮಾಡ್ತಿದಾರಾ?

ಉತ್ತರ: ಇಲ್ಲಮ್ಮ, ಅವರಿಗೆ ನಿಜವಾಗ್ಲೂ ಹಾಗೇ ಅನ್ಸತ್ತೆ. ಕೊತ್ತಂಬರಿ ಪರಿಮಳಕ್ಕೆ ಕಾರಣ ಆಲ್ಡಿಹೈಡ್ ಅನ್ನೋ ಅಂಶಗಳು, ಆ ಜಾತಿಯವು ಸೋಪಲ್ಲೂ ಇರತ್ತೆ. 2012ರಲ್ಲಿ ಬಂದ ಒಂದು ಅಧ್ಯಯನದಲ್ಲಿ ವಾಸನೆ ಗುರುತಿಸೋ ಓಆರ್6ಎ2 ಅನ್ನೋ ಜೀನ್‌ಗೂ ಇದಕ್ಕೂ ಸಂಬಂಧ ಇದೆ ಅಂತ ಗೊತ್ತಾಯ್ತು, ಅದೊಂದೇ ಕಾರಣ ಅಲ್ಲ, ಅಭ್ಯಾಸಾನೂ ಸೇರತ್ತೆ. ಎಲೆನ ನುಣ್ಣಗೆ ರುಬ್ಬಿ ಸ್ವಲ್ಪ ಹೊತ್ತು ಬಿಟ್ರೆ ಆ ಘಾಟು ಕಮ್ಮಿಯಾಗತ್ತೆ, ರುಬ್ಬಿದ್ದು ತಿಂತಾರಾ ನೋಡಿ. ತಿನ್ನಲ್ಲ ಅಂದ್ರೆ ಬಲವಂತ ಬೇಡ, ಅವರ ಪಾಲಿಗೆ ಪುದೀನನೋ ಸಬ್ಬಸಿಗೆನೋ ಹಾಕಿ, ಮುಗೀತು.

ಪ್ರಶ್ನೆ: ಮಾವನಿಗೆ ಬಿಪಿ, ಉಪ್ಪು ಕಮ್ಮಿ ಮಾಡಿ ಅಂತ ಡಾಕ್ಟರ್ ಹೇಳಿದಾರೆ. ಮಾಡಿದ್ದೆಲ್ಲ ಸಪ್ಪೆ ಅಂತ ತಟ್ಟೆ ದೂಡ್ತಾರೆ. ಆಫೀಸ್‌ಗೆ ಹೋಗೋಕೆ ಮುಂಚೆ ಅವರಿಗೋಸ್ಕರ ಬೇರೆ ಮಾಡಿಟ್ಟು ಹೋಗಿರ್ತೀನಿ, ಸಂಜೆ ಬಂದು ನೋಡಿದ್ರೆ ಹಾಗೇ ಇರತ್ತೆ. ಅಳು ಬರತ್ತೆ ಮೇಡಂ.

ಉತ್ತರ: ಅಳು ಬರೋದು ಸಹಜ, ಬೆಳಿಗ್ಗೆ ಆ ಗಡಿಬಿಡೀಲಿ ಬೇರೆ ಅಡುಗೆ ಮಾಡಿಡೋದು ಸಣ್ಣ ಕೆಲಸ ಅಲ್ಲ. ಆದ್ರೆ ಮಾವನ ಕಡೆಯಿಂದಾನೂ ಒಂದು ಸಲ ನೋಡಿ. ವಯಸ್ಸಾಗ್ತಾ ಮೂಗಿನ ಶಕ್ತಿ ಕುಗ್ಗತ್ತೆ, ನಾವು ರುಚಿ ಅಂತ ಕರೆಯೋದ್ರಲ್ಲಿ ದೊಡ್ಡ ಪಾಲು ವಾಸನೇದೇ, ಅವರಿಗೆ ಉಳಿದಿದ್ದು ನಾಲಿಗೆಗೆ ತಟ್ಟೋ ಉಪ್ಪು, ಹುಳಿ, ಸಿಹಿ. ಅದ್ರಲ್ಲಿ ಉಪ್ಪನ್ನೂ ಕಿತ್ಕೊಂಡ್ರೆ ಅವರಿಗೆ ಊಟ ಅಂದ್ರೆ ಏನು ಉಳೀತು ಹೇಳಿ. ಅವರು ನಿಮ್ಮ ಮೇಲಿನ ಸಿಟ್ಟಿಗೆ ತಟ್ಟೆ ದೂಡ್ತಿರಲಿಕ್ಕಿಲ್ಲ.

ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳೋ ಮಿತಿ ದಿನಕ್ಕೆ 5 ಗ್ರಾಂಗಿಂತ ಕಮ್ಮಿ ಉಪ್ಪು, ಅಂದ್ರೆ ಸುಮಾರು ಒಂದು ಟೀ ಚಮಚ, ಅದ್ರಲ್ಲಿ ಉಪ್ಪಿನಕಾಯಿ, ಬ್ರೆಡ್, ಪ್ಯಾಕೆಟ್ ತಿಂಡಿ ಎಲ್ಲಾ ಸೇರತ್ತೆ. ಅವರಿಗೆ ಎಷ್ಟು ಅಂತ ಅವರ ಡಾಕ್ಟರನ್ನೇ ಕೇಳಿ. ಆ ಪಾಲು ಇಡೀ ಅಡುಗೇಲಿ ಕರಗಿ ಹೋಗೋ ಹಾಗೆ ಹಾಕೋ ಬದಲು ಅರ್ಧ ಉಳಿಸ್ಕೊಂಡು ಬಡಿಸೋವಾಗ ಮೇಲೆ ಉದುರಿಸಿ, ನಾಲಿಗೆಗೆ ಮೊದ್ಲು ಸಿಗೋದು ಅದೇ, ಕಮ್ಮಿ ಉಪ್ಪಲ್ಲೂ ಜಾಸ್ತಿ ಇದ್ದ ಹಾಗೆ ಅನ್ಸತ್ತೆ. ನಿಂಬೆ ಹುಳಿ ಉಪ್ಪಿನ ಕೊರತೆನ ಚೆನ್ನಾಗಿ ಮುಚ್ಚತ್ತೆ. ಕ್ಯಾರೆಟ್, ಹೂಕೋಸು, ಈರುಳ್ಳಿ ಇವನ್ನ ನೀರಲ್ಲಿ ಬೇಯಿಸೋ ಬದಲು ಬಾಣಲೇಲಿ ಅಂಚು ಕೆಂಪಗಾಗೋ ತನಕ ಬಿಡಿ, ಪದೇ ಪದೇ ಕೈಯಾಡಿಸ್ಬೇಡಿ, ಆ ಕೆಂಪಲ್ಲೇ ರುಚಿ. ಪುದೀನ, ಕೊತ್ತಂಬರಿ, ಸಬ್ಬಸಿಗೆ ಬೆಳಿಗ್ಗೆನೇ ಬೇಯಿಸಿಟ್ರೆ ಮಧ್ಯಾಹ್ನದ ಹೊತ್ತಿಗೆ ಘಮ ಹಾರಿ ಹೋಗಿರತ್ತೆ, ತೊಳೆದ ಸೊಪ್ಪನ್ನ ಒಂದು ಸಣ್ಣ ಡಬ್ಬೀಲಿ ಬೇರೆ ಇಡಿ, ಊಟಕ್ಕೆ ಕೂತಾಗ ಮಾವನೇ ಅಂಗೈಯಲ್ಲಿ ಹೊಸಕಿ ಹಾಕ್ಕೊಳ್ಲಿ. ಕೈಗೆ ಅಂಟಿದ ವಾಸನೆ ಮೂಗಿಗೆ ಹತ್ರ ಹೋಗತ್ತೆ, ಜೊತೆಗೆ ತನ್ನ ಊಟದಲ್ಲಿ ತಾನೂ ಏನೋ ಮಾಡ್ದೆ ಅನ್ನೋದೂ ಇರತ್ತೆ.

ಉಪ್ಪು ಒಂದೇ ದಿನ ಅರ್ಧಕ್ಕೆ ಇಳಿಸೋಕೆ ಹೋಗ್ಬೇಡಿ (ಡಾಕ್ಟರ್ ತಕ್ಷಣ ಅಂತ ಹೇಳಿದ್ರೆ ಬೇರೆ ಮಾತು), ವಾರ ವಾರ ಸ್ವಲ್ಪ ಸ್ವಲ್ಪ ಇಳಿಸಿದ್ರೆ ನಾಲಿಗೆ ಹೊಂದ್ಕೊಳ್ಳತ್ತೆ. ಅಂಗಡೀಲಿ ಸಿಗೋ ‘ಲೋ ಸೋಡಿಯಂ’ ಉಪ್ಪು ತರೋಕೆ ಮುಂಚೆ ಡಾಕ್ಟರನ್ನ ಕೇಳ್ಲೇಬೇಕು, ಅದ್ರಲ್ಲಿ ಪೊಟ್ಯಾಸಿಯಂ ಇರತ್ತೆ, ಕಿಡ್ನಿ ತೊಂದರೆ ಇರೋರಿಗೆ, ಕೆಲವು ಬಿಪಿ ಮಾತ್ರೆ ತಗೊಳೋರಿಗೆ ಅದು ಅಪಾಯ. ಮನೆಯೋರೆಲ್ಲ ಅದೇ ಅಡುಗೆ ತಿನ್ನೋ ಹಾಗಾದ್ರೆ ನಿಮಗೂ ಒಂದು ಕೆಲಸ ಉಳಿಯತ್ತೆ, ಮಾವನಿಗೂ ತನ್ನದೊಂದೇ ಬೇರೆ ತಟ್ಟೆ ಅನ್ನೋ ಬೇಜಾರು ಇರಲ್ಲ.

ಪ್ರಶ್ನೆ: ಅಮ್ಮ ರಕ್ತ ತೆಳು ಮಾಡೋ ವಾರ್ಫರಿನ್ ಮಾತ್ರೆ ತಗೋತಾರೆ. ಸೊಪ್ಪು ಪೂರ್ತಿ ನಿಲ್ಸಿ ಅಂತ ಯಾರೋ ಹೇಳಿದ್ರಂತೆ. ಸೊಪ್ಪಿಲ್ದೆ ಅವರಿಗೆ ಊಟ ಸೇರಲ್ಲ.

ಉತ್ತರ: ನೀವೇ ನಿರ್ಧಾರ ಮಾಡಿ ನಿಲ್ಸೋದೂ ಬೇಡ, ಇದ್ದಕ್ಕಿದ್ದಂತೆ ಜಾಸ್ತಿ ಮಾಡೋದೂ ಬೇಡ. ಹಸಿರು ಸೊಪ್ಪಲ್ಲಿ ವಿಟಮಿನ್ ಕೆ ಜಾಸ್ತಿ, ಅದು ಈ ಮಾತ್ರೆ ಕೆಲಸಕ್ಕೆ ಎದುರು ನಿಲ್ಲತ್ತೆ. ವಾರ ವಾರಕ್ಕೂ ಹೆಚ್ಚು ಕಮ್ಮಿ ಒಂದೇ ಪ್ರಮಾಣ ತಿಂತಿದ್ರೆ ಡಾಕ್ಟರ್ ರಕ್ತಪರೀಕ್ಷೆ ನೋಡಿ ಮಾತ್ರೆ ಅದಕ್ಕೆ ಹೊಂದಿಸ್ತಾರೆ, ತೊಂದರೆ ಆಗೋದು ಏರುಪೇರಿಂದ. ಅಮ್ಮ ಈಗ ಎಷ್ಟು ತಿಂತಾರೆ ಅಂತ ಒಂದು ವಾರ ಬರೆದಿಟ್ಟು ಮುಂದಿನ ಸಲ ಡಾಕ್ಟರ್‌ಗೆ ತೋರ್ಸಿ.

ಪ್ರಶ್ನೆ: ನನ್ನ ಹೆಂಡತಿ ಹೋದ ವರ್ಷ ತೀರ್ಕೊಂಡ್ಳು. ಅವಳ ಅಡುಗೆ ಪುಸ್ತಕ ಒಂದು ಇದೆ, ಅವಳ ಕೈಬರಹ. ಈಗ ಅದು ನೋಡ್ಕೊಂಡು ನಾನೇ ಅಡುಗೆ ಮಾಡ್ಕೋತೀನಿ. ‘ಒಂದು ಹಿಡಿ ಸೊಪ್ಪು’, ‘ಹದವಾಗಿ ಬೇಯಿಸಿ’, ‘ಉಪ್ಪು ನೋಡಿ ಹಾಕಿ’ ಅಂತ ಬರ್ದಿದಾಳೆ. ಹಿಡಿ ಅಂದ್ರೆ ಎಷ್ಟು, ಹದ ಅಂದ್ರೆ ಯಾವಾಗ? ಕೇಳೋಕೆ ಅವಳಿಲ್ಲ.

ಉತ್ತರ: ನಿಮ್ಮ ಪತ್ರ ತುಂಬಾ ಹೊತ್ತು ಕೈಯಲ್ಲೇ ಹಿಡ್ಕೊಂಡಿದ್ದೆ. ಅವರು ಆ ಪುಸ್ತಕ ಬರ್ಕೊಂಡಿದ್ದು ತಮಗೋಸ್ಕರ, ಅಳತೆ ಅವರ ಕೈಗೆ ಗೊತ್ತಿತ್ತು, ಅದಕ್ಕೇ ಬರೆಯೋ ಅಗತ್ಯ ಬಿದ್ದಿಲ್ಲ. ನಿಮ್ಮ ಕೈ ಅವರ ಕೈಗಿಂತ ದೊಡ್ಡದಿರಬಹುದು, ಹಾಗಾಗಿ ಮೊದ್ಲು ಮುಷ್ಟಿ ಪೂರ್ತಿ ತುಂಬಿಸ್ಬೇಡಿ, ಬೆರಳ ತುದಿ ಅಂಗೈಗೆ ತಾಗೋಷ್ಟು ಸೊಪ್ಪು ಹಿಡೀರಿ. ಪುದೀನ, ಕೊತ್ತಂಬರಿ ಥರ ಘಮಕ್ಕೆ ಹಾಕೋ ಸೊಪ್ಪಾದ್ರೆ ಅಷ್ಟೇ ಸಾಕು. ಪಾಲಕ್ ಥರ ಬೇಯಿಸಿ ತಿನ್ನೋ ಸೊಪ್ಪಾದ್ರೆ ಲೆಕ್ಕ ಬೇರೆ, ಅದ್ರಲ್ಲಿ ನೂರಕ್ಕೆ 90 ಪಾಲಿಗಿಂತ ಹೆಚ್ಚು ನೀರೇ ಇರೋದು, ಪಾತ್ರೆ ತುಂಬ ಕಾಣೋದು ಬೆಂದ ಮೇಲೆ ಒಂದು ಸಣ್ಣ ಬಟ್ಟಲಾಗತ್ತೆ, ಹಸಿಯಾಗಿದ್ದಾಗ ನೋಡಿ ಉಪ್ಪು ಹಾಕಿದ್ರೆ ಉಪ್ಪುಪ್ಪು ಆಗೋದು ಗ್ಯಾರಂಟಿ. ಸೊಪ್ಪು ಇಳಿದ ಮೇಲೆ ಉಪ್ಪು ಹಾಕಿ, ‘ನೋಡಿ ಹಾಕಿ’ ಅಂತ ಅವರು ಬರ್ದಿದ್ದು ಇದಕ್ಕೇ ಇರ್ಬೇಕು. ಒಣ ಪುದೀನ ಥರದ್ದು ಬಳಸೋದಾದ್ರೆ ಮೂರು ಚಮಚ ಹೆಚ್ಚಿದ ಹಸಿ ಸೊಪ್ಪಿನ ಜಾಗಕ್ಕೆ ಒಂದು ಚಮಚ ಸಾಕು.

ಹದ ಅನ್ನೋದನ್ನ ಗಡಿಯಾರ ನೋಡಿ ಹೇಳೋದು ಕಷ್ಟ, ತರಕಾರಿ ಎಳೆಯದೋ ಬಲಿತದ್ದೋ, ತುಂಡು ಸಣ್ಣದೋ ದೊಡ್ಡದೋ ಎಲ್ಲದರ ಮೇಲೆ ಹೋಗತ್ತೆ. ಎಲ್ಲಾ ಒಂದೇ ಅಳತೆಗೆ ಹೆಚ್ಕೊಳ್ಳಿ, ಗಟ್ಟಿ ತರಕಾರಿ ಮೊದ್ಲು, ಮೆತ್ತನೇದು ಆಮೇಲೆ, ಸೊಪ್ಪಾದ್ರೆ ದಂಟು ಮೊದ್ಲು ಎಲೆ ಕೊನೆಗೆ. ಆಲೂಗಡ್ಡೆ, ಕ್ಯಾರೆಟ್‌ಗೆ ಚಾಕು ತುದಿ ಚುಚ್ಚಿ, ನಡುವಿನ ತನಕ ಸಲೀಸಾಗಿ ಇಳಿದು ಮೇಲೆತ್ತಿದಾಗ ತುಂಡು ಚಾಕು ಜೊತೆ ಬರ್ದೆ ಜಾರಿ ಬಿದ್ರೆ ಬೆಂದಿದೆ ಅಂತ. ದಂಟನ್ನ ಎರಡು ಬೆರಳ ನಡುವೆ ಹಿಸುಕಿ ನೋಡಿ, ನಾರು ಕೈಗೆ ಸಿಕ್ಕಿದ್ರೆ ಇನ್ನೊಂದು ಸ್ವಲ್ಪ ಹೊತ್ತು.

ಆ ಪುಸ್ತಕದಲ್ಲಿ ಎಣ್ಣೆ ಕಲೆ, ಅರಿಶಿನದ ಕಲೆ ಜಾಸ್ತಿ ಇರೋ ಪುಟ ಹುಡುಕಿ, ಅದನ್ನ ಅವರು ಹೆಚ್ಚು ಸಲ ಮಾಡಿರ್ತಾರೆ, ನಿಮ್ಮ ನಾಲಿಗೆಗೂ ಆ ರುಚಿ ಚೆನ್ನಾಗಿ ನೆನಪಿರತ್ತೆ, ಅಲ್ಲಿಂದ ಶುರು ಮಾಡಿದ್ರೆ ಸರಿ ಬಂತೋ ಇಲ್ವೋ ಅಂತ ಹೇಳೋಕೆ ನೀವೇ ಸಾಕು. ಒಂದು ಸಲ ಸರಿ ಬಂದಾಗ ಆ ಹಿಡಿ ಸೊಪ್ಪನ್ನ ತೂಕ ಮಾಡಿ ಪುಟದ ಅಂಚಲ್ಲಿ ಪೆನ್ಸಿಲ್‌ನಲ್ಲಿ ಬರ್ಕೊಳ್ಳಿ. ಇಂಕ್ ಬೇಡ, ಅವರ ಅಕ್ಷರದ ಮೇಲೆ ಬರೆಯೋದೂ ಬೇಡ. ಪುಟಗಳನ್ನೆಲ್ಲ ಫೋನ್‌ನಲ್ಲಿ ಫೋಟೋ ತೆಗ್ದು ಇನ್ನೊಬ್ರಿಗೂ ಕಳಿಸಿಡಿ, ಅಡುಗೆಮನೇಲಿ ನೀರು ಬಿದ್ರೆ ಇಂಕ್ ಉಳಿಯಲ್ಲ.

ಪ್ರಶ್ನೆ: ಮಗಳಿಗೆ ಆರು ವರ್ಷ, ಹಸಿರು ಕಂಡ್ರೆ ಬಾಯಿ ಮುಚ್ಕೋತಾಳೆ. ರುಬ್ಬಿ ಯಾವುದ್ರಲ್ಲಾದ್ರೂ ಬೆರೆಸಿ ಗೊತ್ತಾಗ್ದೆ ಹಾಗೆ ತಿನ್ನಿಸ್ತಿದೀನಿ. ಸರಿನಾ?

ಉತ್ತರ: ಹೊಟ್ಟೆಗೆ ಹೋಗ್ತಿದೆ ಅನ್ನೋ ಮಟ್ಟಿಗೆ ಸರಿ, ಆದ್ರೆ ಬಚ್ಚಿಟ್ಟು ತಿನ್ನಿಸಿದ್ರೆ ಅವಳಿಗೆ ಆ ಸೊಪ್ಪಿನ ಪರಿಚಯವೇ ಆಗಲ್ಲ, ಒಂದು ದಿನ ಗೊತ್ತಾದ್ರೆ ಇಷ್ಟಪಟ್ಟು ತಿಂತಿದ್ದದ್ದೂ ಬಿಡ್ತಾಳೆ. ಮಕ್ಕಳ ನಾಲಿಗೆಗೆ ಕಹಿ ನಮಗಿಂತ ಜೋರಾಗಿ ತಟ್ಟತ್ತೆ, ಹೊಸ ರುಚಿ ಒಗ್ಗೋಕೆ ಹತ್ತು ಸಲಕ್ಕಿಂತ ಹೆಚ್ಚು ಬಾಯಿಗೆ ಬೀಳ್ಬೇಕಾಗಬಹುದು, ನಾವು ಮೂರ್ನಾಲ್ಕು ಸಲಕ್ಕೇ ‘ಇವಳು ತಿನ್ನಲ್ಲ’ ಅಂತ ತೀರ್ಮಾನ ಮಾಡ್ಬಿಡ್ತೀವಿ. ತಟ್ಟೇಲಿ ಒಂದು ಚಮಚದಷ್ಟು ಇಡಿ, ತಿಂದ್ರೆ ಹೊಗಳ್ಬೇಡಿ, ಬಿಟ್ರೆ ಬೈಬೇಡಿ, ತಿಂದ್ರೆ ಚಾಕ್ಲೇಟ್ ಅನ್ನೋ ಲಂಚ ಅಂತೂ ಬೇಡವೇ ಬೇಡ. ಕಹಿ ಕಮ್ಮಿ ಇರೋ ಬಟಾಣಿ, ಎಳೆ ಪಾಲಕ್‌ನಿಂದ ಶುರು ಮಾಡಿ. ಎಲೆ ಬಿಡಿಸೋ ಕೆಲಸ ಅವಳಿಗೇ ಕೊಡಿ, ಅರ್ಧ ನೆಲಕ್ಕೆ ಬೀಳತ್ತೆ, ಬೀಳ್ಲಿ, ಬಿಡಿಸ್ತಾ ಬಿಡಿಸ್ತಾ ಒಂದು ಎಲೆ ಬಾಯಿಗೂ ಹೋಗತ್ತೆ ನೋಡ್ತಿರಿ.

ಪ್ರಶ್ನೆ: ಬೆಳ್ಳುಳ್ಳಿ, ಬೇಸಿಲ್ ಎಣ್ಣೇಲಿ ಮುಳುಗಿಸಿ ಚಂದದ ಬಾಟಲಿಗೆ ತುಂಬಿ ನೆಂಟರಿಗೆ ಗಿಫ್ಟ್ ಕೊಡೋಣ ಅಂತಿದೀನಿ. ಹೊರಗೆ ಎಷ್ಟು ದಿನ ಇರತ್ತೆ?

ಉತ್ತರ: ಹೊರಗೆ ಇಡೋ ಹಾಗೇ ಇಲ್ಲ, ಇದನ್ನ ಖಂಡಿತವಾಗಿ ಹೇಳ್ತಿದೀನಿ. ಹಸಿ ಬೆಳ್ಳುಳ್ಳಿ, ಹಸಿ ಸೊಪ್ಪಲ್ಲಿ ನೀರಿನಂಶ ಇರತ್ತೆ, ಹುಳಿ ಇರಲ್ಲ, ಮೇಲೆ ಎಣ್ಣೆ ಮುಚ್ಚಿದ್ರೆ ಗಾಳಿನೂ ಇಲ್ಲ, ಕ್ಲಾಸ್ಟ್ರಿಡಿಯಂ ಬಾಟ್ಯುಲಿನಂ ಅನ್ನೋ ಬ್ಯಾಕ್ಟೀರಿಯಾ ಬೆಳೆಯೋಕೆ ಇದಕ್ಕಿಂತ ಅನುಕೂಲ ಬೇಡ. ಅದರ ವಿಷ ನರಗಳಿಗೆ ತಟ್ಟತ್ತೆ, ಪ್ರಾಣಕ್ಕೇ ಅಪಾಯ, ವಾಸನೆ ಬಣ್ಣ ನೋಡಿ ಹಾಳಾಗಿದೆ ಅಂತ ಕಂಡುಹಿಡಿಯೋಕೂ ಆಗಲ್ಲ. ಮನೆಗೆ ಅಂತ ಮಾಡ್ಕೊಂಡ್ರೆ ಕೂಡ್ಲೆ ಫ್ರಿಜ್‌ಗಿಟ್ಟು 4 ದಿನದೊಳಗೆ ಮುಗಿಸಿ, ಉಳಿದದ್ದು ಫ್ರೀಜರ್‌ಗೆ. ನೆಂಟರಿಗೆ ಏನಾದ್ರೂ ಕೊಡ್ಲೇಬೇಕು ಅಂತಿದ್ರೆ ಚೆನ್ನಾಗಿ ಒಣಗಿಸಿದ ಸೊಪ್ಪನ್ನ ಕೈಯಲ್ಲಿ ಪುಡಿ ಮಾಡಿ ಉಪ್ಪಿನ ಜೊತೆ ಬೆರೆಸಿ ಗಾಳಿಯಾಡದ ಸಣ್ಣ ಬಾಟಲಿಗೆ ತುಂಬಿ ಕೊಡಿ, ಎಲೆ ಮುರಿದ್ರೆ ಪಟ್ ಅಂತ ಮುರಿಯೋಷ್ಟು ಒಣಗಿರ್ಬೇಕು, ಬಗ್ಗಿದ್ರೆ ಇನ್ನೂ ತೇವ ಇದೆ ಅಂತ, ಅಂಥದ್ದನ್ನ ತುಂಬ್ಬೇಡಿ.